ಪುಕ್ಕಟೆ ಡಬ್ಬಿಯ ಪುರಾಣ

ಅಂಗಡಿಯವರು "ಇದು ಫ್ರೀ" ಎಂದ ತಕ್ಷಣ ನಮ್ಮ ಬುದ್ಧಿಗೆ ಮಂಕು ಕವಿಯುತ್ತದಲ್ಲ, ನನ್ನ ತಕರಾರು ಅದರ ಮೇಲೆ. ಸೀರೆಯ ಜೊತೆ ರವಿಕೆ ಬಟ್ಟೆ ಫ್ರೀ, ಮಿಕ್ಸಿಯ ಜೊತೆ ಸೌಟು ಫ್ರೀ ಎಂದರೆ ನನಗೇನೂ ಅಂಥ ಸಿಟ್ಟಿಲ್ಲ. ರವಿಕೆ ಬಟ್ಟೆ ಬಣ್ಣ ಬಿಟ್ಟರೆ ಮನೆಯಲ್ಲಿ ಹೊಗೆ ಏಳುವುದಿಲ್ಲ. ಆದರೆ ಕಂಪ್ಯೂಟರ್ ಅಂಗಡಿಯಲ್ಲಿ, "ಕ್ಯಾಬಿನೆಟ್ ತಗೊಳ್ಳಿ ಮೇಡಂ, ಎಸ್‌ಎಂಪಿಎಸ್ ಅದರ ಜೊತೇಲೇ ಬರುತ್ತೆ" ಎನ್ನುತ್ತಾರಲ್ಲ, ಆ ಒಂದು ವಾಕ್ಯದ ಮೇಲೆ ನನಗೆ ಹಗೆಯಿದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಸ್‌ಎಂಪಿಎಸ್ ಎಂಬುದು ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಮೂಲೆಯಲ್ಲಿ ಕೂತಿರುವ ಒಂದು ತಗಡಿನ ಡಬ್ಬಿ. ಇಟ್ಟಿಗೆಗಿಂತ ತುಸು ಅಗಲ, ಹಿಂದೆ ಒಂದು ಫ್ಯಾನು, ಮುಂದೆ ಜಡೆಯಂಥ ವೈರುಗಳು. ಗೋಡೆಯಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿ ಕರೆಂಟಾಗಿ ಇಳಿಸಿ ಒಳಗಿರುವ ಎಲ್ಲರಿಗೂ ಹಂಚುವುದು ಅದರ ಕೆಲಸ. ಮನೆಯಲ್ಲಿ ಅಡುಗೆ ಮಾಡಿ ಬಡಿಸುವವಳ ಹಾಗೆ ಅನ್ನಿ. ಎಲ್ಲರೂ ಉಂಡು ಏಳುತ್ತಾರೆ, ಅವಳು ಉಂಡಳೋ ಇಲ್ಲವೋ ಕೇಳುವವರಿಲ್ಲ. ಜ್ವರ ಬಂದು ಅವಳು ಮಲಗಿದ ದಿನ ಮಾತ್ರ ಅಂಥವಳೊಬ್ಬಳು ಮನೆಯಲ್ಲಿದ್ದಾಳೆಂಬುದು ಮನೆಮಂದಿಗೆಲ್ಲ ನೆನಪಾಗುತ್ತದೆ!

ನಾನು ಬಿ.ಎ., ಬಿ.ಇಡಿ. ಓದಿದವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನನಗೂ ಈ ತಗಡಿನ ಡಬ್ಬಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬೆಳೆಸಿದವಳು ನನ್ನ ತಂಗಿಯ ಮಗಳು. ಬಿಸಿಎ ಎರಡನೇ ವರ್ಷ. "ದೊಡ್ಡಮ್ಮಾ, ನನಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು, ಅಪ್ಪ ಅರ್ಧ ಕೊಡ್ತಾರಂತೆ, ಉಳಿದಿದ್ದಕ್ಕೆ ನೀನು" ಎಂದಳು. ಅವಳ ಅತ್ತೆಯಂದಿರು, "ಹೆಣ್ಣು ಹುಡುಗೀಗೆ ಆಟದ ಕಂಪ್ಯೂಟರ್ ಯಾಕೆ, ಆ ದುಡ್ಡಿಗೆ ಒಂದು ಜೊತೆ ಬಳೆ ಬರ್ತಿತ್ತು" ಎಂದರು. ಗಂಡುಹುಡುಗರು ರಾತ್ರಿಯಿಡೀ ಆಡಿದರೆ ವಯಸ್ಸಿನ ಹುಮ್ಮಸ್ಸು, ಹುಡುಗಿ ಆಡಿದರೆ ಬಳೆಯ ಲೆಕ್ಕ! ಆಟ ಆಡುವ ಯಂತ್ರದಲ್ಲಿಯೇ ಅವಳು ವೀಡಿಯೋ ಎಡಿಟಿಂಗ್ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಾಳೆಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಆಡಲಿ ಬಿಡಿ. ಆಡುವುದಕ್ಕೂ ಒಂದು ಕಾರಣ ಕೊಡಬೇಕೇ?

ನನ್ನ ಕಾಳಜಿ ಬೇರೆಯೇ ಇತ್ತು. ನಮ್ಮ ಶಾಲೆಯ ಗಣಿತದ ಟೀಚರೊಬ್ಬರು ಸೊಸೈಟಿಯಿಂದ ಸಾಲ ತೆಗೆದು ಮಗನಿಗೆ ಇಂಥದ್ದೇ ಕಂಪ್ಯೂಟರ್ ಕೊಡಿಸಿದ್ದರು. ಗಾಜಿನ ಬಾಗಿಲಿನ ಕ್ಯಾಬಿನೆಟ್, ಒಳಗೆ ಕೆಂಪು ನೀಲಿ ಹಸಿರು ದೀಪಗಳು, ರಥೋತ್ಸವದ ಹಾಗೆ ಝಗಮಗ. ಹನ್ನೊಂದೇ ತಿಂಗಳು. ಮಳೆಗಾಲದ ಒಂದು ಸಂಜೆ ಆಟದ ಮಧ್ಯೆ 'ಟಪ್' ಎಂದಿತಂತೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆ ತುಂಬ. ಎಸ್‌ಎಂಪಿಎಸ್ ಸತ್ತದ್ದಲ್ಲದೆ ಮದರ್‌ಬೋರ್ಡನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮನೇಲಿ ವೋಲ್ಟೇಜ್ ಸರಿ ಇದೆಯಾ?" ಮಲೆನಾಡಿನ ನಮ್ಮಂಥ ಊರಿನಲ್ಲಿ ಮಳೆಗಾಲದಲ್ಲಿ ವೋಲ್ಟೇಜ್ ಸರಿ ಇರುವ ಮನೆ ಯಾವುದಪ್ಪಾ? ಮರ ಬಿದ್ದರೆ ಕರೆಂಟು ಹೋಗುತ್ತದೆ, ಬಂದಾಗ ದೀಪ ಒಮ್ಮೆ ಪಳಕ್ಕೆಂದು ಹೊಳೆದು ಮತ್ತೆ ಮಂಕಾಗುತ್ತದೆ. ಅದು ಅವನಿಗೂ ಗೊತ್ತು, ಅವನ ಅಂಗಡಿಯೂ ಇದೇ ಊರಿನಲ್ಲಿದೆ. ಈ ಊರಿನ ಕರೆಂಟಿಗೆ ತಡೆಯದ ಸಾಮಾನನ್ನು ಈ ಊರಿನಲ್ಲಿ ಮಾರಿ, ಕೊನೆಗೆ ತಪ್ಪನ್ನು ಊರಿನ ಕರೆಂಟಿನ ಮೇಲೆ ಹಾಕುವುದು ಯಾವ ನ್ಯಾಯ?

ಒಳ್ಳೆಯ ಎಸ್‌ಎಂಪಿಎಸ್ ಎಂದೂ ಸಾಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸತ್ತರೂ ತಾನೊಬ್ಬನೇ ಸಾಯುವಂತೆ ಅದನ್ನು ಕಟ್ಟಿರುತ್ತಾರೆ, ಅಷ್ಟೆ. ಕುಕ್ಕರಿನಲ್ಲಿ ಸೇಫ್ಟಿ ವಾಲ್ವ್ ಇರುವುದಿಲ್ಲವೇ? ಒತ್ತಡ ಮಿತಿ ಮೀರಿದರೆ ಅದು ತಾನು ಕರಗಿ ಕುಕ್ಕರನ್ನೂ ನಮ್ಮ ಮುಖವನ್ನೂ ಉಳಿಸುತ್ತದೆ. ಹಾಗೆಯೇ ಇದರೊಳಗೂ ವೋಲ್ಟೇಜು ಹೆಚ್ಚಾದರೆ, ಕರೆಂಟು ಮಿತಿ ಮೀರಿ ಹರಿದರೆ, ಶಾರ್ಟ್ ಆದರೆ, ಕಾವು ಏರಿದರೆ ಕೂಡಲೇ ಬಾಗಿಲು ಹಾಕಿಕೊಳ್ಳುವ ಬೇರೆ ಬೇರೆ ಕಾವಲುಗಳಿರುತ್ತವೆ. ಅಗ್ಗದ ಡಬ್ಬಿಯಲ್ಲಿ ಮೊದಲು ಉಳಿತಾಯ ಮಾಡುವುದು ಈ ಕಾವಲುಗಳ ಮೇಲೆಯೇ. ಏಕೆಂದರೆ ಅವು ಇಲ್ಲದಿದ್ದರೂ ಕಂಪ್ಯೂಟರ್ ಆನ್ ಆಗುತ್ತದೆ. ವಾಲ್ವ್ ಇಲ್ಲದ ಕುಕ್ಕರಿನಲ್ಲೂ ಒಂದಷ್ಟು ದಿನ ಬೇಳೆ ಬೇಯುತ್ತದೆ.

ತಂಗಿಯ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಹೋಗುವ ಮುಂಚೆ ನಾಲ್ಕು ದಿನ ಕೂತು ಓದಿದ್ದೆ, ಗಣಿತದ ಟೀಚರ ಹತ್ತಿರ ಲೆಕ್ಕ ಮಾಡಿಸಿಕೊಂಡಿದ್ದೆ. ಅಂಗಡಿಯವನು ಎಂಟು ಬಣ್ಣದ ಕ್ಯಾಬಿನೆಟ್ ತೋರಿಸಿದ. ಅದರೊಳಗೆ ಕೊಡುವ ಎಸ್‌ಎಂಪಿಎಸ್ ತೋರಿಸಪ್ಪಾ ಎಂದೆ. ಅವನಿಗೆ ಆಶ್ಚರ್ಯ. "450 ವಾಟ್ ಇದೆ ಮೇಡಂ, ಧಾರಾಳ ಸಾಕು. ಅದೆಲ್ಲ ಟೆಕ್ನಿಕಲ್ಲು, ಮನೇಲಿ ಸಾರ್ ಇದ್ರೆ ಕಳಿಸಿ, ಅವರಿಗೆ ಹೇಳ್ತೀನಿ" ಎಂದ. ನಮ್ಮ ಮನೆಯ 'ಸಾರ್' ಬಲ್ಬು ಬದಲಾಯಿಸಲೂ ಹಿಂದೆ ಮುಂದೆ ನೋಡುವವರು. ಅವರನ್ನು ಕಳಿಸಿದ್ದರೆ ಎಂಟು ಬಣ್ಣದ ಜೊತೆ ಒಂಬತ್ತನೆಯದನ್ನೂ ತಂದಿರುತ್ತಿದ್ದರು. ನಾನೇ ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನ ಚೀಟಿ ಓದಿದೆ.

ಆ ಚೀಟಿಯನ್ನು ಓದುವುದು ಕಷ್ಟವಲ್ಲ, ಸೋದರಿಯರೇ. ಅದರಲ್ಲಿ 12 ವೋಲ್ಟು ಎಂಬ ಒಂದು ಸಾಲಿರುತ್ತದೆ. ಅದರ ಕೆಳಗೆ ಆಂಪಿಯರ್ ಲೆಕ್ಕ. ಈ ಕಾಲದ ಕಂಪ್ಯೂಟರಿನಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಊಟ ಬಹುಮಟ್ಟಿಗೆ ಈ 12 ವೋಲ್ಟಿನ ಸಾಲಿನಿಂದಲೇ. ಆದ್ದರಿಂದ 12ನ್ನು ಆ ಆಂಪಿಯರಿನಿಂದ ಗುಣಿಸಿ. ಅವನು 'ಧಾರಾಳ' ಎಂದ ಡಬ್ಬಿಯಲ್ಲಿ 16 ಆಂಪಿಯರ್ ಎಂದಿತ್ತು. ಹದಿನಾರು ಹನ್ನೆರಡಲೆ 192. ಹೊರಗೆ ದಪ್ಪಕ್ಷರದಲ್ಲಿ 450, ಒಳಗೆ 192! ಉಳಿದದ್ದನ್ನು 5 ವೋಲ್ಟು, 3.3 ವೋಲ್ಟು ಎಂದು ಗ್ರಾಫಿಕ್ಸ್ ಕಾರ್ಡಿಗೆ ಉಪಯೋಗಕ್ಕೆ ಬಾರದ ಲೆಕ್ಕದಲ್ಲಿ ತುಂಬಿಸಿದ್ದರು. ನಮ್ಮ ಹುಡುಗಿ ಬಯಸಿದ ಆರ್‌ಟಿಎಕ್ಸ್ 3060 ಕಾರ್ಡು ಒಂದೇ 170 ವಾಟ್ ತಿನ್ನುತ್ತದೆ. ರೈಜನ್ 5 5600 ಪ್ರೊಸೆಸರಿನ ಡಬ್ಬಿಯ ಮೇಲೆ 65 ವಾಟ್ ಎಂದಿದೆ. ಎರಡೂ ಸೇರಿ 235. ಬೋರ್ಡು, ಫ್ಯಾನು, ಡಿಸ್ಕು, ಆ ಹಾಳು ದೀಪಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಐವತ್ತು ಜನರ ಎಲೆ ಹಾಕಿ ಮೂವತ್ತೈದು ಜನರಿಗೆ ಅನ್ನ ಬಸಿದ ಹಾಗೆ. ಬಡಿಸುವವಳು ಏನು ಮಾಡಿಯಾಳು?

"ನೋಡಪ್ಪಾ, ಇದು 192 ತಾನೇ?" ಎಂದು ತೋರಿಸಿದೆ. ಅವನು ನನ್ನನ್ನು ನೋಡಿದ ನೋಟವಿದೆಯಲ್ಲ, ಅಷ್ಟರಲ್ಲೇ ಹೋದ ಖರ್ಚಿನ ಅರ್ಧ ಬಂತು ಅನ್ನಿಸಿತು.

ಆಮೇಲೆ ಒಳಗಿನಿಂದ ಬೇರೆ ಡಬ್ಬಿ ಬಂತು. 550 ವಾಟಿನದು, 12 ವೋಲ್ಟಿನ ಸಾಲಿನಲ್ಲಿ 45 ಆಂಪಿಯರ್. ಅಂದರೆ 540 ವಾಟ್. ಇದು ಪ್ರಾಮಾಣಿಕರ ಲೆಕ್ಕ. ಕೈಯಲ್ಲಿ ಹಿಡಿದರೆ ಮೊದಲಿನದಕ್ಕಿಂತ ಎರಡರಷ್ಟು ಭಾರ. ತೂಕ ಒಂದೇ ಪ್ರಮಾಣವಲ್ಲ, ಕಬ್ಬಿಣದ ತುಂಡು ಇಟ್ಟೂ ಭಾರ ಮಾಡಬಹುದು. ಆದರೂ ತಳ ತೆಳ್ಳಗಿರುವ ಪಾತ್ರೆಯನ್ನು ಬೆರಳಿನಿಂದ ಬಡಿದು ಕಂಡುಹಿಡಿಯುವ ನಮ್ಮ ಕೈಗಳಿಗೆ ಇದೂ ತಿಳಿಯುತ್ತದೆ. ಬೆಲೆ ಮೊದಲಿನದರ ಐದು ಪಟ್ಟು. ಇಡೀ ಕಂಪ್ಯೂಟರಿನ ಖರ್ಚಿನಲ್ಲಿ ಹದಿನೈದನೇ ಒಂದು ಭಾಗವೂ ಅಲ್ಲ.

300 ವಾಟ್ ತಿನ್ನುವ ಯಂತ್ರಕ್ಕೆ 550 ಯಾಕೆ ಎಂದು ತಂಗಿಯ ಗಂಡ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗ್ರಾಫಿಕ್ಸ್ ಕಾರ್ಡುಗಳು ಸಮಚಿತ್ತದಿಂದ ಉಣ್ಣುವುದಿಲ್ಲ. ಆಟದಲ್ಲಿ ಏನೋ ಸಿಡಿಯಿತೆಂದರೆ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು ತಮ್ಮ ಮಾಮೂಲಿಗಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. ಇದು ಎಷ್ಟು ನಿಜವೆಂದರೆ, 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಎಂಬ ನಿಯಮದಲ್ಲಿ ದೊಡ್ಡ ಕಾರ್ಡುಗಳಿಗೆ ಉಣಿಸುವ ಎಸ್‌ಎಂಪಿಎಸ್ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತು ತನ್ನ ಶಕ್ತಿಯ ಎರಡು ಪಟ್ಟನ್ನು ತಾಳಿಕೊಳ್ಳಬೇಕೆಂದೇ ಬರೆದಿದ್ದಾರೆ. 3060 ಕಾರ್ಡಿಗೆ ಎನ್‌ವಿಡಿಯಾ ಕಂಪನಿಯೇ ಸೂಚಿಸುವುದು 550. ಹಾಗೆಂದು ಸಾವಿರ ವಾಟಿನದನ್ನು ತಂದು ಮೆರೆಯಬೇಕಾಗಿಲ್ಲ. ನಾಲ್ಕು ಜನರ ಮನೆಗೆ ಮದುವೆ ಮನೆಯ ಕೊಪ್ಪರಿಗೆ ತಂದ ಹಾಗಾಗುತ್ತದೆ.

ಇನ್ನು ಚಿನ್ನದ ವಿಷಯ! ಈ ಡಬ್ಬಿಗಳ ಮೇಲೆ 80 ಪ್ಲಸ್ ಎಂಬ ಮುದ್ರೆ ಇರುತ್ತದೆ. 2004ರಲ್ಲಿ ಶುರುವಾದದ್ದು. ಆಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆಗಳು ಬಂದವು. ನಮ್ಮ ಜನಕ್ಕೆ ಚಿನ್ನ ಎಂದರೆ ಸಾಕಲ್ಲ, "ಗೋಲ್ಡ್ ಇದೆ ಮೇಡಂ" ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ಆ ಮುದ್ರೆ ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಕಾವಾಗಿ ಪೋಲಾಗದೆ ಕೆಲಸಕ್ಕೆ ಬಂತು ಎಂಬುದನ್ನು ಮಾತ್ರ. ಸಾದಾ ಮುದ್ರೆಯದು ನೂರಕ್ಕೆ 80ರಷ್ಟು, ಅರ್ಧ ಹೊರೆಯಲ್ಲಿ ಚಿನ್ನದ್ದು ನೂರಕ್ಕೆ 90ರಷ್ಟು. 300 ವಾಟಿನ ಕೆಲಸಕ್ಕೆ ಮೊದಲನೆಯದು 375 ಎಳೆದರೆ ಎರಡನೆಯದು 333. ದಿನಕ್ಕೆ ನಾಲ್ಕು ಗಂಟೆ ಆಡಿದರೂ ತಿಂಗಳಿಗೆ ಉಳಿಯುವುದು ಐದು ಯೂನಿಟ್. ಆ ಉಳಿತಾಯಕ್ಕಾಗಿ ಚಿನ್ನ ಕೊಳ್ಳುವವಳು ನಾನಲ್ಲ. ಮುಖ್ಯವಾದ ಮಾತು ಬೇರೆ. ಸರಕ್ಕೆ ಹಾಲ್‌ಮಾರ್ಕ್ ಇದ್ದರೆ ಚಿನ್ನ ಎಷ್ಟು ಶುದ್ಧ ಎಂದು ಗೊತ್ತಾಗುತ್ತದೆ, ಕೊಂಡಿ ಗಟ್ಟಿಯಿದೆಯೇ ಎಂದು ಗೊತ್ತಾಗುವುದಿಲ್ಲ. ಕೊಂಡಿಯನ್ನು ನಾವೇ ಎಳೆದು ನೋಡಬೇಕು.

ಇದಕ್ಕೆ ಸಾಕ್ಷಿ ನಮ್ಮ ಊರಲ್ಲ, ಅಮೆರಿಕವೇ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೆ ಎಲ್ಲೆಲ್ಲೂ ಬರ. ಅಲ್ಲಿನ ನ್ಯೂಎಗ್ ಎಂಬ ದೊಡ್ಡ ಮಾರಾಟ ಸಂಸ್ಥೆ ಚೀಟಿ ಎತ್ತಿ ಕಾರ್ಡು ಹಂಚುತ್ತಿತ್ತು, ಕಾರ್ಡಿನ ಜೊತೆ ಬೇರೆ ಸಾಮಾನನ್ನೂ ಕೊಳ್ಳಲೇಬೇಕು ಎಂಬ ಷರತ್ತಿನ ಮೇಲೆ. ಹಿಂದೆ ನಮ್ಮ ಕಡೆ ಸಕ್ಕರೆ ಬೇಕಾದರೆ ಸೋಪನ್ನೂ ತಗೊಳ್ಳಿ ಎನ್ನುತ್ತಿದ್ದರಲ್ಲ, ಅದೇ ಬುದ್ಧಿ. ಹಾಗೆ ಜೋಡಿ ಕಟ್ಟಿ ಕೊಟ್ಟದ್ದರಲ್ಲಿ ಗಿಗಾಬೈಟ್ ಕಂಪನಿಯ 750 ವಾಟಿನ ಮತ್ತು 850 ವಾಟಿನ ಎಸ್‌ಎಂಪಿಎಸ್‌ಗಳಿದ್ದವು. ಎರಡಕ್ಕೂ ಚಿನ್ನದ ಮುದ್ರೆ! ಅವು ಸಿಡಿಯುತ್ತಿವೆ ಎಂಬ ದೂರು ಬಂತು. ಗೇಮರ್ಸ್ ನೆಕ್ಸಸ್ ಎಂಬ ತಂಡದವರು ಪರೀಕ್ಷೆ ಮಾಡಿ 2021ರ ಆಗಸ್ಟಿನಲ್ಲಿ ಅವು ಸಿಡಿಯುವುದನ್ನು ಜಗತ್ತಿಗೇ ತೋರಿಸಿದರು. ಕಂಪನಿ ಏನು ಮಾಡಿತು ಗೊತ್ತೇ? ಪರೀಕ್ಷೆ ಮಾಡಿದ ಕ್ರಮವೇ ವಿಪರೀತದ್ದು ಎನ್ನುತ್ತಲೇ ಕೆಲವನ್ನು ಬದಲಾಯಿಸಿ ಕೊಡಲು ಒಪ್ಪಿತು. ಹೊರೆ ಮಿತಿ ಮೀರಿದಾಗ ಬಾಗಿಲು ಹಾಕುವ ಕಾವಲನ್ನು 120ರಿಂದ 150 ಶೇಕಡಾದಲ್ಲಿ ಇಟ್ಟಿದ್ದೆವು, ಈಗ 110ರಿಂದ 120ಕ್ಕೆ ಇಳಿಸಿದ್ದೇವೆ ಎಂದು ಹೇಳಿತು. ಕುಕ್ಕರಿನ ವಾಲ್ವ್ ತಡವಾಗಿ ತೆರೆಯುತ್ತಿತ್ತು ಎಂದ ಹಾಗೆಯೇ ಅಲ್ಲವೇ ಇದು? ದೊಡ್ಡ ಹೆಸರು, ಚಿನ್ನದ ಮುದ್ರೆ, ಎರಡೂ ಇದ್ದವು. ಇಲ್ಲದ್ದು ಕೊಂಡಿ. ಅದನ್ನು ಬಯಲಿಗೆ ತಂದವರೂ ಡಬ್ಬಿ ಬಿಚ್ಚಿ ಪರೀಕ್ಷೆ ಮಾಡುವ ಹೊರಗಿನವರು, ಮಾರಿದವರಲ್ಲ.

ಆದ್ದರಿಂದ ಹೆಸರು ನೋಡಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಂದೇ ಕಂಪನಿ ಒಳ್ಳೆಯದನ್ನೂ ಮಾರುತ್ತದೆ, ಕೆಟ್ಟದ್ದನ್ನೂ ಮಾರುತ್ತದೆ. ಎಷ್ಟೋ ಕಂಪನಿಗಳು ತಾವು ತಯಾರಿಸುವುದೇ ಇಲ್ಲ, ಬೇರೆಯವರಿಂದ ಮಾಡಿಸಿ ತಮ್ಮ ಹೆಸರು ಅಂಟಿಸುತ್ತವೆ. ಆ ನಿರ್ದಿಷ್ಟ ಮಾದರಿಯನ್ನು ಯಾರಾದರೂ ಬಿಚ್ಚಿ, ಪೂರ್ತಿ ಹೊರೆ ಹಾಕಿ ನೋಡಿದ್ದಾರೆಯೇ ಎಂದು ಮಕ್ಕಳ ಕೈಲಿ ಹುಡುಕಿಸಿ. ದಿನವಿಡೀ ಮೊಬೈಲ್ ಹಿಡಿದಿರುತ್ತವೆ, ಇಷ್ಟು ಕೆಲಸ ಮಾಡಲಿ. ಇನ್ನೊಂದು, ವಾರಂಟಿ. ಒಳ್ಳೆಯದಕ್ಕೆ ಐದು, ಏಳು, ಹತ್ತು ವರ್ಷಗಳ ವಾರಂಟಿ ಕೊಡುತ್ತಾರೆ. ಪುಕ್ಕಟೆ ಡಬ್ಬಿಗೆ ಒಂದು ವರ್ಷ ಸಿಕ್ಕಿದರೆ ನಮ್ಮ ಪುಣ್ಯ. ತಾನು ಹೆತ್ತ ಮಗುವಿನ ಮೇಲೆ ತನಗೇ ಒಂದು ವರ್ಷದ ನಂಬಿಕೆ ಇಲ್ಲದಿದ್ದರೆ ನಾವೇಕೆ ನಂಬಬೇಕು? ಒಳಗಿನ ಕೆಪಾಸಿಟರುಗಳು 105 ಡಿಗ್ರಿಯವೋ 85 ಡಿಗ್ರಿಯವೋ ಎಂದೂ ಕೇಳಬಹುದು. ಕಾವು ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧವಾಗುತ್ತದೆಂಬುದು ಸ್ಥೂಲ ಲೆಕ್ಕ. ಈ ಇಪ್ಪತ್ತು ಡಿಗ್ರಿಯ ವ್ಯತ್ಯಾಸ ನಾಲ್ಕು ಪಟ್ಟು ಆಯುಸ್ಸಿನ ವ್ಯತ್ಯಾಸ. ಬಿರುಬೇಸಿಗೆಯ ಕಲಬುರಗಿ, ಬಳ್ಳಾರಿಯ ಸೋದರಿಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಕೆಲವು ಅಗ್ಗದ ಡಬ್ಬಿಗಳ ಬೆನ್ನಿಗೆ 115, 230 ಎಂದು ಬರೆದ ಒಂದು ಪುಟ್ಟ ಕೆಂಪು ಸ್ವಿಚ್ಚಿರುತ್ತದೆ. ಮಕ್ಕಳ ಕೈತಾಗಿ ಅದು 115ಕ್ಕೆ ಜಾರಿದರೆ ನಮ್ಮ 230ರ ಕರೆಂಟಿಗೆ ಡಬ್ಬಿ ಅಲ್ಲೇ ಕೈಲಾಸ ಸೇರುತ್ತದೆ. ಒಳ್ಳೆಯವುಗಳಲ್ಲಿ ಈ ಸ್ವಿಚ್ಚೇ ಇಲ್ಲ. 100ರಿಂದ 240ರವರೆಗೆ ಏನು ಬಂದರೂ ತಾವೇ ಹೊಂದಿಸಿಕೊಳ್ಳುತ್ತವೆ. ನಮ್ಮ ಊರಿನ ಮಂಕು ವೋಲ್ಟೇಜಿಗೆ ಇಂಥದ್ದೇ ಸರಿ.

"ಮನೇಲಿ ಇನ್ವರ್ಟರ್ ಇದೆಯಲ್ಲ" ಎನ್ನುವವರಿಗೆ ಒಂದು ಮಾತು. ಗೋಡೆಯ ಕರೆಂಟು ನಿಂತ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೂಡಿಟ್ಟ ಶಕ್ತಿಯಿಂದ ಉಸಿರು ಹಿಡಿಯುವುದು ಸೆಕೆಂಡಿನ ಸಾವಿರದ ಹದಿನೇಳು ಭಾಗದಷ್ಟು ಹೊತ್ತು, ಅದೂ ನಿಯಮದಂತೆ ಕಟ್ಟಿದ್ದರೆ. ಅಷ್ಟರೊಳಗೆ ಇನ್ವರ್ಟರ್ ಎದ್ದು ಕೂರಬೇಕು. ಮನೆಯ ಎಷ್ಟೋ ಇನ್ವರ್ಟರುಗಳ ಹಿಂದೆ 'ಯುಪಿಎಸ್' ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿರದಿದ್ದರೆ ಅದು ನಿಧಾನಕ್ಕೆ ಆಕಳಿಸುತ್ತಾ ಏಳುತ್ತದೆ. ಫ್ಯಾನಿಗೆ ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ. ಕಂಪ್ಯೂಟರಿಗೆಂದೇ ಯುಪಿಎಸ್ ತರುವಾಗಲೂ ಜಾಗ್ರತೆ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವಾಟ್ ಮಾತ್ರ. ಆಧುನಿಕ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ಗಳ ಒರಟು ಕರೆಂಟನ್ನು ಒಪ್ಪದೆ ಆರಿಹೋಗುವುದೂ ಉಂಟು. ಶುದ್ಧ ಸೈನ್ ವೇವ್ ಕೊಡುವಂಥದ್ದೇ ಬೇಕೆಂದು ಕೇಳಿ.

ಕೊನೆಯದಾಗಿ ಅರ್ಥಿಂಗ್. ಹಳೆಯ ಮನೆಗಳಲ್ಲಿ, ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದೆಯೇ? "ಅದೇನಿಲ್ಲ, ಸ್ವಲ್ಪ ಲೀಕೇಜು" ಎಂದು ಗಂಡಸರು ನಗುತ್ತಾರೆ. ನಗುವ ವಿಷಯವಲ್ಲ. ಎಸ್‌ಎಂಪಿಎಸ್‌ನ ಶೋಧಕ ಭಾಗದಿಂದ ಒಂದಿಷ್ಟು ಕರೆಂಟು ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗುವಂತೆ ಅದನ್ನು ಕಟ್ಟಿರುತ್ತಾರೆ. ಆ ತಂತಿ ಇಲ್ಲದಿದ್ದರೆ ಅದು ನಮ್ಮ ಮೂಲಕ ಹೋಗುತ್ತದೆ. ಹತ್ತು ಸಾವಿರದ ಎಸ್‌ಎಂಪಿಎಸ್ ತಂದು ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಮನೆಗಳನ್ನು ನಾನು ಕಂಡಿದ್ದೇನೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥ್ ನೋಡಿಸಿ. ಹಿತ್ತಲಿನ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನಾಲ್ಕು ಕೊಡ ನೀರು ಹಾಕಿ. ತುಳಸಿಗೆ ಹಾಕುವುದಿಲ್ಲವೇ, ಹಾಗೆ.

ಗಣಿತದ ಟೀಚರ ವಿಷಯ ಏನಾಯಿತು ಎನ್ನುತ್ತೀರಾ? ಅಂಗಡಿಯವನು, "ಎಸ್‌ಎಂಪಿಎಸ್ ಫ್ರೀ ಕೊಟ್ಟಿದ್ದು ಮೇಡಂ, ಫ್ರೀ ಸಾಮಾನಿಗೆ ವಾರಂಟಿ ಇಲ್ಲ" ಎಂದುಬಿಟ್ಟ. ಫ್ರೀ ಎಲ್ಲಿಂದ ಬಂತು? ಅದರ ದುಡ್ಡು ಕ್ಯಾಬಿನೆಟ್ಟಿನ ಬೆಲೆಯೊಳಗೇ ಅಡಗಿತ್ತಲ್ಲ! ಅವರ ಬಿಲ್ಲಿನಲ್ಲಿ 'ಕ್ಯಾಬಿನೆಟ್ - 1' ಎಂದಷ್ಟೇ ಇದೆ. ನಮ್ಮ ಹುಡುಗಿಯ ಬಿಲ್ಲಿನಲ್ಲಿ ಎಸ್‌ಎಂಪಿಎಸ್‌ಗೆ ಬೇರೆಯೇ ಸಾಲು, ಮಾದರಿಯ ಹೆಸರು, ಸೀರಿಯಲ್ ನಂಬರು, ವಾರಂಟಿಯ ವರ್ಷ ಎಲ್ಲ ಬರೆಸಿಕೊಂಡು ಬಂದಿದ್ದೇನೆ. ಬರೆಯಲು ಅವನಿಗೆ ಹತ್ತು ನಿಮಿಷ ಹಿಡಿಯಿತು, ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಟೀಚರ್ ಈಗ ಗ್ರಾಹಕರ ಆಯೋಗಕ್ಕೆ ಹೋಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಮೊದಲು 1915 ಸಹಾಯವಾಣಿಗೆ ಫೋನು ಮಾಡಿ ದೂರು ದಾಖಲಿಸಿದ್ದಾಯಿತು. ಸುಟ್ಟ ಡಬ್ಬಿಯನ್ನು ಅಂಗಡಿಯವನು "ಇಲ್ಲೇ ಬಿಟ್ಟು ಹೋಗಿ" ಎಂದನಂತೆ. ಟೀಚರ್ ಬಿಡಲಿಲ್ಲ. ಹಳೆಯ ದಿಂಬಿನ ಚೀಲದಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಕಳೆದ ಭಾನುವಾರ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಇಬ್ಬರೂ ಕೂತು ಅರ್ಜಿ ಬರೆದೆವು. ಅದರ ಚೀಟಿಯ ಮೇಲಿನ ಆಂಪಿಯರ್ ಸಾಲನ್ನು ಅವರೇ ಗುಣಿಸಿ, ಮೇಲೆ ಬರೆದ ವಾಟಿಗೂ ಒಳಗಿನ ವಾಟಿಗೂ ಇರುವ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಹಂತ ಹಂತವಾಗಿ ಅರ್ಜಿಯಲ್ಲಿ ಸೇರಿಸಿದ್ದಾರೆ. ಸೊಸೈಟಿ ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ ಇವೆ.